ಪೂರ್ವಜರ ರಹಸ್ಯ, ಕಳೆದುಹೋದ ನಿಧಿಗಳ ಐತಿಹಾಸಿಕ ಗೂಢಚಾರ ಕಥೆಗಳು ಏಕೆ ಅಷ್ಟು ಸೆಳೆಯುತ್ತವೆ?

ಇಂಥ ಕಥೆಗಳಲ್ಲಿ ಓದುಗನನ್ನು ಹಿಡಿದಿಡುವುದು ಚಿನ್ನಕ್ಕಿಂತ ಹೆಚ್ಚಾಗಿ ಇತಿಹಾಸದ ದಾಖಲೆಯಲ್ಲಿ ಉಳಿದುಹೋದ ಬಿರುಕು ಎಂಬುದು ನನ್ನ ಅಭಿಪ್ರಾಯ; ಕೊಡಗಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. 1834ರಲ್ಲಿ ಬ್ರಿಟಿಷರಿಂದ ಪದಚ್ಯುತನಾಗಿ ಕಾಶಿಗೆ ಕಳುಹಿಸಲ್ಪಟ್ಟ ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನು 1852ರಲ್ಲಿ ಮಗಳು ಗೌರಮ್ಮನೊಡನೆ ಇಂಗ್ಲೆಂಡಿಗೆ ಹೋಗಿ, ಈಸ್ಟ್ ಇಂಡಿಯಾ ಕಂಪನಿಯ ವಶದಲ್ಲಿದ್ದ ತನ್ನ ಹಣಕ್ಕಾಗಿ ಅಲ್ಲಿನ ನ್ಯಾಯಾಲಯದ ಮೆಟ್ಟಿಲೇರಿದನು. ಆ ಹಣ ಕೈಸೇರದೆಯೇ 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡನು. ಗೌರಮ್ಮ 1864ರಲ್ಲಿ ಮರಣ ಹೊಂದಿದ ಬಳಿಕ ಅವಳ ಪತಿ ಕರ್ನಲ್ ಕ್ಯಾಂಬೆಲ್ ಒಡವೆಗಳೊಡನೆ ಕಣ್ಮರೆಯಾದನೆಂಬ ಮಾತು ಇಂದಿಗೂ ಪ್ರಚಲಿತವಾಗಿದೆ. (ಕಾದಂಬರಿಕಾರನೊಬ್ಬ ಇದನ್ನೇ ಕಲ್ಪಿಸಿದ್ದರೆ ಅತಿಯಾಯಿತೆಂದು ನಾವೇ ಆಕ್ಷೇಪಿಸುತ್ತಿದ್ದೆವೇನೋ.)

ಗೂಢಚಾರನ ಪಾತ್ರ ಇದಕ್ಕೆ ನಿಷ್ಠೆಯ ಪ್ರಶ್ನೆಯನ್ನು ಸೇರಿಸುತ್ತದೆ. ಅರಸನ ಆಪ್ತರಲ್ಲೇ ಕೆಲವರು ಕಂಪನಿಯ ಪಕ್ಷ ವಹಿಸಿದ ನಾಡಿನಲ್ಲಿ, ಅಜ್ಜ ಯಾರ ಕಡೆಗಿದ್ದ ಎಂಬುದು ಐನ್‌ಮನೆಯ (ಕೊಡವರ ಮನೆತನದ ಮೂಲಮನೆಯ) ಒಳಗಿನ ವಿಷಯವೂ ಹೌದು. ಇಂಥ ಕಥೆಯ ಮೊಮ್ಮಗನಿಗೆ ಆಸ್ತಿಯ ಜೊತೆ ಆ ಸಂಶಯವೂ ಬಂದಿರುತ್ತದೆ; ಅವನು ನಕ್ಷೆಯನ್ನು ಬಿಡಿಸುವಾಗ ತನ್ನ ಮನೆತನದ ಮರ್ಯಾದೆಯನ್ನೂ ಪಣಕ್ಕಿಟ್ಟಿರುತ್ತಾನೆ. ನಿಧಿ ಸಿಗುವ ಅಧ್ಯಾಯವೇ ಅನೇಕ ಬಾರಿ ಸಪ್ಪೆಯೆನಿಸುವುದು ಇದರಿಂದಲೇ ಇರಬೇಕು.