ಹಾರ್ಟ್‌ನೆಲ್ ಚಿತ್ರದ ಲಂಗದ ಮೇಲಿನ ಕಮಲ

1953ರ ಪಟ್ಟಾಭಿಷೇಕಕ್ಕೆ ಬ್ರಿಟನ್ನಿನ ಎಲಿಜಬೆತ್ ರಾಣಿ ತೊಟ್ಟ ಗೌನಿಗೆ ವಿನ್ಯಾಸಕಾರ ಹಾರ್ಟ್‌ನೆಲ್ ಬರೆದ ಚಿತ್ರದಲ್ಲಿ ಕಮಲ ಯಾಕಿದೆ ಅಂತ ಕೇಳಿದ್ದೀರಿ. ಅದು ಭಾರತದ ಗುರುತು. ಸಿಲೋನಿಗೂ (ಈಗಿನ ಶ್ರೀಲಂಕಾ) ಕಮಲವೇ ಇತ್ತು, ಹಾಗಾಗಿ ಗೊಂದಲ ಸಹಜ.

ನಾರ್ಮನ್ ಹಾರ್ಟ್‌ನೆಲ್ ಒಟ್ಟು ಒಂಬತ್ತು ವಿನ್ಯಾಸ ಮಾಡಿದ್ದರು. ರಾಣಿಗೆ ಹಿಡಿಸಿದ್ದರಲ್ಲಿ ಬ್ರಿಟನ್ನಿನ ಗುರುತುಗಳು ಮಾತ್ರ ಇದ್ದವು. ಕಾಮನ್‌ವೆಲ್ತ್ ದೇಶಗಳದ್ದನ್ನೂ ಸೇರಿಸಿ ಅಂದರು ರಾಣಿ. ಹಾಗೆ ಕೆನಡಾದ ಮೇಪಲ್ ಎಲೆ, ಪಾಕಿಸ್ತಾನದ ಗೋಧಿ, ಹತ್ತಿ, ಸೆಣಬು ಎಲ್ಲ ಬಂದವು. ಬಿಳಿ ಸ್ಯಾಟಿನ್ ಮೇಲೆ ಬಣ್ಣದ ರೇಷ್ಮೆ, ಮುತ್ತು, ಜರಿಯ ಕಸೂತಿ. ವೇಲ್ಸ್‌ಗೆ ಚೆಂದದ ಡ್ಯಾಫೊಡಿಲ್ ಹೂ ಹಾಕೋಣ ಅಂತ ಹಾರ್ಟ್‌ನೆಲ್‌ಗೆ ಆಸೆ. ಇಲ್ಲ, ಲೀಕೇ ಬೇಕು ಅಂದರು ಲಾಂಛನಗಳ ವಿಷಯ ನೋಡಿಕೊಳ್ಳುವ ಗಾರ್ಟರ್ ಅಧಿಕಾರಿ. ಈರುಳ್ಳಿ ಜಾತಿಯ ತರಕಾರಿಯನ್ನು ರಾಣಿಯ ಗೌನಿಗೆ ಕೂರಿಸೋದು ಸುಮ್ನೆ ಮಾತಲ್ಲ, ಅಲ್ವಾ? ಆದರೂ ಚೆನ್ನಾಗಿಯೇ ಕೂರಿಸಿದ್ದಾರೆ.

ಚಿತ್ರದ ಆಕೃತಿ ಅಷ್ಟು ಉದ್ದ ಯಾಕೆ ಅಂದಿರಲ್ಲ, ಫ್ಯಾಷನ್ ಚಿತ್ರಗಳೆಲ್ಲ ಹಾಗೇ. ಲಂಗ ಇಳಿಬೀಳುವ ರೀತಿ ಕಾಣಲಿ ಅಂತ ಕಾಲು ಎಳೆದು ಬರೆಯುತ್ತಾರೆ.

ಗೌನಿನ ಫೋಟೊ ಸಿಕ್ಕರೆ ಲಂಗದ ಎಡಭಾಗ ನೋಡಿ. ಅದೃಷ್ಟಕ್ಕೆ ಅಂತ ಒಂದು ನಾಲ್ಕೆಲೆಯ ಶ್ಯಾಮ್‌ರಾಕ್ (ಐರ್ಲೆಂಡಿನ ಗುರುತಾದ, ಸಾಮಾನ್ಯವಾಗಿ ಮೂರೆಲೆಯ ಗಿಡ) ಅಲ್ಲಿ ಸೇರಿಸಿದ್ದಾರೆ.