ಮನೆಯ ಹಿರಿಯರಿಗೆ ಜೆನೆರಿಕ್ ಮದ್ದು: ನಿಮ್ಮ ಪ್ರಶ್ನೆ, ನಮ್ಮ ಫಾರ್ಮಸಿಸ್ಟರ ಉತ್ತರ

ಪ್ರಶ್ನೆ: ಮಾವನವರಿಗೆ 76 ವರ್ಷ. ಬಿಪಿ, ಶುಗರ್, ಕೊಲೆಸ್ಟ್ರಾಲ್ ಮೂರಕ್ಕೂ ಮದ್ದು ನಡೆಯುತ್ತಿದೆ. ತಿಂಗಳ ಬಿಲ್ಲು ಮೂರು ಸಾವಿರ ದಾಟುತ್ತದೆ. ಜನೌಷಧಿ ಕೇಂದ್ರದಲ್ಲಿ ಇವೇ ಮಾತ್ರೆಗಳು ಬಹಳ ಅಗ್ಗವಂತೆ. ಅವೂ ಅಷ್ಟೇ ಗುಣ ಕೊಡುತ್ತವೆಯೇ? ಬದಲಾಯಿಸುವುದು ಹೇಗೆ?
– ಓದುಗರು, ಡೊಂಬಿವಲಿ

ಉತ್ತರ: ಧೈರ್ಯವಾಗಿ ಬದಲಾಯಿಸಿ, ಆದರೆ ಅವಸರದಲ್ಲಿ ಬೇಡ. ಬಿಪಿಯ ಅಮ್ಲೋಡಿಪಿನ್, ಶುಗರಿನ ಮೆಟ್‌ಫಾರ್ಮಿನ್, ಕೊಲೆಸ್ಟ್ರಾಲಿನ ಅಟೊರ್ವಾಸ್ಟಾಟಿನ್‌ಗಳ ಪೇಟೆಂಟ್ ಮುಗಿದು ಎಷ್ಟೋ ಕಾಲವಾಯಿತು. ಹಾಗೆ ಪೇಟೆಂಟ್ ಮುಗಿದ ಮದ್ದನ್ನು ಬೇರೆ ಕಂಪನಿಗಳು ತಯಾರಿಸಿದರೆ ಅದೇ ಜೆನೆರಿಕ್. ನೀವು ಈಗ ಕೊಳ್ಳುತ್ತಿರುವುದೂ ಬಹುಪಾಲು ಜೆನೆರಿಕ್ಕೇ, ಕಂಪನಿ ತನ್ನದೊಂದು ಹೆಸರಿಟ್ಟು ಮಾರುತ್ತಿದೆ, ಅಷ್ಟೆ. ಜನೌಷಧಿ ಕೇಂದ್ರ ಸರ್ಕಾರದ ಅಗ್ಗದ ಮದ್ದಿನ ಯೋಜನೆ. ಅದಕ್ಕೆ ಬರುವ ಪ್ರತಿ ಬ್ಯಾಚನ್ನೂ ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಮೇಲೆಯೇ ಅಂಗಡಿಗಳಿಗೆ ಕಳಿಸಬೇಕೆಂಬುದು ಯೋಜನೆಯ ನಿಯಮ. ಗುಣಮಟ್ಟ ಸಾಲದೆಂದು ಸರ್ಕಾರ ಪ್ರತಿ ತಿಂಗಳು ಹೊರಡಿಸುವ ಪಟ್ಟಿಯಲ್ಲಿ ದೊಡ್ಡ ಕಂಪನಿಗಳ ಮದ್ದೂ ಇರುತ್ತದೆ, ಸಣ್ಣವರದೂ ಇರುತ್ತದೆ. ಬೆಲೆ ನೋಡಿ ಗುಣ ಅಳೆಯಲಾಗದು.

ಮೊದಲು ಈಗಿನ ಸ್ಟ್ರಿಪ್‌ಗಳನ್ನೆಲ್ಲ ಮೇಜಿನ ಮೇಲೆ ಹರಡಿ. ಪ್ರತಿಯೊಂದರಲ್ಲೂ ಮದ್ದಿನ ಮೂಲ ಹೆಸರು, ಎಷ್ಟು ಮಿಲಿಗ್ರಾಂ, ಹೆಸರಿನ ಹಿಂದೆಮುಂದೆ ಏನಿದೆ ಎಂದು ಬರೆದುಕೊಳ್ಳಿ. 2018ರ ಸೆಪ್ಟೆಂಬರ್‌ನಿಂದ ಮೂಲ ಹೆಸರನ್ನು ಬ್ರ್ಯಾಂಡ್ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಅಚ್ಚುಹಾಕಬೇಕೆಂಬ ನಿಯಮ ಬಂದಿರುವುದರಿಂದ ಹುಡುಕುವುದು ಕಷ್ಟವಲ್ಲ. ಎಡವುವುದು ಹೆಸರಿನ ಹಿಂದೆಮುಂದಿನ ಆ ಅಕ್ಷರಗಳಲ್ಲಿ. ಮೆಟ್‌ಫಾರ್ಮಿನ್ 500 ಬೇರೆ, ಮೆಟ್‌ಫಾರ್ಮಿನ್ 500 ಎಸ್‌ಆರ್ ಬೇರೆ: ಎರಡನೆಯದು ಹೊಟ್ಟೆಯಲ್ಲಿ ನಿಧಾನವಾಗಿ ಮದ್ದು ಬಿಡುತ್ತದೆ, ಅದನ್ನು ಪುಡಿಮಾಡಿ ಕೊಡಬಾರದು. ಬಿಪಿಯ ಮೆಟೊಪ್ರೊಲೊಲ್‌ನಲ್ಲಿ ಸಕ್ಸಿನೇಟ್ ಸಾಮಾನ್ಯವಾಗಿ ದಿನಕ್ಕೊಮ್ಮೆಯದು, ಟಾರ್ಟ್ರೇಟ್ ದಿನಕ್ಕೆರಡು ಸಲದ್ದು. ಎಸ್-ಅಮ್ಲೋಡಿಪಿನ್ 2.5 ಮಿಲಿಗ್ರಾಂ ನುಂಗುತ್ತಿದ್ದವರಿಗೆ ಸರಿಹೊಂದುವುದು ಸಾದಾ ಅಮ್ಲೋಡಿಪಿನ್ 5. ಅಂಕಿ ಹೊಂದಲಿ ಎಂದು 2.5 ತಂದರೆ ಬಿಪಿ ಏರುತ್ತದೆ, ದೂರು ಮಾತ್ರ ಜೆನೆರಿಕ್ಕಿನ ಮೇಲೆ ಬರುತ್ತದೆ.

ಈ ಪಟ್ಟಿ ಹಿಡಿದು ಡಾಕ್ಟರ ಬಳಿ ಹೋಗಿ, ಚೀಟಿಯಲ್ಲಿ ಮೂಲ ಹೆಸರನ್ನೇ ಬರೆದುಕೊಡಲು ಕೇಳಿ. ಇದು ಬರೀ ಮರ್ಯಾದೆಯ ಮಾತಲ್ಲ. ಚೀಟಿ ಬೇಕಾದ ಇಂಥ ಮದ್ದುಗಳಲ್ಲಿ ಡಾಕ್ಟರು ಬ್ರ್ಯಾಂಡ್ ಹೆಸರು ಬರೆದಿದ್ದರೆ ಅಂಗಡಿಯವರು ತಾವಾಗಿಯೇ ಬೇರೆಯದನ್ನು ಕೊಡಲು ಕಾನೂನಿನಲ್ಲಿ ಅವಕಾಶವಿಲ್ಲ. ಎರಡು ಮೂರು ಮದ್ದು ಸೇರಿದ ಮಾತ್ರೆ ಜನೌಷಧಿಯಲ್ಲಿ ಸಿಗದಿದ್ದರೆ ಬಿಡಿಬಿಡಿಯಾಗಿ ತರಬಹುದೇ ಎಂದೂ ಅಲ್ಲಿಯೇ ಕೇಳಿಕೊಳ್ಳಿ. ಯಾವ ಕೇಂದ್ರ ಹತ್ತಿರವಿದೆ, ಯಾವ ಮದ್ದಿಗೆ ಎಷ್ಟು ಬೆಲೆ ಎಂಬುದು 'ಜನೌಷಧಿ ಸುಗಮ್' ಆ್ಯಪ್‌ನಲ್ಲಿ ಸಿಗುತ್ತದೆ. ದಾಸ್ತಾನು ತೀರಿರುವುದುಂಟು, ಆದ್ದರಿಂದ ಹಳೆಯದು ಮುಗಿಯುವ ಹತ್ತು ದಿನ ಮೊದಲೇ ಹೋಗಿ.

ಎಲ್ಲಕ್ಕಿಂತ ದೊಡ್ಡ ಅಪಾಯ ಇರುವುದು ಅಂಗಡಿಯಲ್ಲಲ್ಲ, ಮನೆಯ ಡಬ್ಬಿಯಲ್ಲಿ. ಹಳೆಯ ಬ್ರ್ಯಾಂಡಿನ ಸ್ಟ್ರಿಪ್ ಉಳಿದಿರುತ್ತದೆ, ಹೊಸ ಜೆನೆರಿಕ್ ಬಂದಿರುತ್ತದೆ. ಬಣ್ಣ ಬೇರೆ, ಆಕಾರ ಬೇರೆ. ಹಿರಿಯರು ಎರಡೂ ಬೇರೆ ಮದ್ದೆಂದು ತಿಳಿದು ಎರಡನ್ನೂ ನುಂಗುತ್ತಾರೆ. ಬಿಪಿ ಮದ್ದಾದರೆ ಎದ್ದಾಗ ತಲೆ ತಿರುಗಿ ಬೀಳುತ್ತಾರೆ. ಗ್ಲಿಮೆಪಿರೈಡ್‌ನಂಥ ಶುಗರ್ ಮಾತ್ರೆಯಾದರೆ ಶುಗರ್ ಇಳಿದು ಬೆವರು, ನಡುಕ, ತೊದಲು ಮಾತು ಬರುತ್ತದೆ, ಜೀವಕ್ಕೇ ಅಪಾಯ. ದಯವಿಟ್ಟು ಹೊಸದು ಶುರುಮಾಡುವ ದಿನವೇ ಹಳೆಯದನ್ನು ಡಬ್ಬಿಯಿಂದ ತೆಗೆದುಬಿಡಿ. ಹೊಸ ಸ್ಟ್ರಿಪ್ ಮೇಲೆ ದಪ್ಪ ಪೆನ್ನಿನಲ್ಲಿ ಕನ್ನಡದಲ್ಲೇ 'ಬಿಪಿ, ಬೆಳಿಗ್ಗೆ 1' ಎಂದು ಬರೆಯಿರಿ. ಮೊದಲ ಎರಡು ವಾರ ಮನೆಯಲ್ಲೇ ಬಿಪಿ, ಬರಿಹೊಟ್ಟೆಯ ಶುಗರ್ ನೋಡಿ ಬರೆದಿಡಿ. ಮೂರು ತಿಂಗಳಿಗೆ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) ಮಾಡಿಸಿ.

ಪ್ರಶ್ನೆ: ನಮ್ಮ ರಸ್ತೆಯ 'ಜೆನೆರಿಕ್' ಅಂಗಡಿಯಲ್ಲಿ 110 ರೂಪಾಯಿ ಎಂದು ಅಚ್ಚಾದ ಸ್ಟ್ರಿಪ್ಪನ್ನು 25ಕ್ಕೆ ಕೊಡುತ್ತಾರೆ. ನಕಲಿ ಇರಬಹುದೇ?
– ಓದುಗರು, ಭಾಂಡೂಪ್

ಉತ್ತರ: ಹಾಗೆಂದು ನಕಲಿಯಾಗಬೇಕಿಲ್ಲ. ಕಂಪನಿಗಳು ಡಾಕ್ಟರ ಮುಂದೆ ಪ್ರಚಾರ ಮಾಡದೆ ನೇರ ಅಂಗಡಿಗೆ ಮಾರುವ ಸರಕು ಇದು, ವ್ಯಾಪಾರದವರು 'ಟ್ರೇಡ್ ಜೆನೆರಿಕ್' ಎನ್ನುತ್ತಾರೆ. ಅಂಗಡಿಗೆ ಬೀಳುವ ಬೆಲೆ ತೀರ ಕಡಿಮೆ, ಎಂಆರ್‌ಪಿ ಮಾತ್ರ ಬ್ರ್ಯಾಂಡಿನ ಸಾಲಿನದ್ದು. ನಡುವಿನ ಲಾಭದಲ್ಲಿ ಒಬ್ಬರು ನಿಮಗೆ ಪಾಲು ಕೊಡುತ್ತಾರೆ, ಇನ್ನೊಬ್ಬರು ಇದೇ ಸ್ಟ್ರಿಪ್ಪನ್ನು ಪೂರ್ತಿ 110ಕ್ಕೆ ಮಾರುತ್ತಾರೆ. ಇದು ಅನ್ಯಾಯವೆಂದೇ ನಮ್ಮ ಅಭಿಪ್ರಾಯ: ಲಾಭ ಯಾರಿಗೆ ಸೇರಬೇಕೆಂಬುದು ರೋಗಿಯ ಕೈಯಲ್ಲಿಲ್ಲ. ಜನೌಷಧಿಯಲ್ಲಿ ಅಚ್ಚಾದ ಬೆಲೆಯೇ ಕಡಿಮೆ.

ರಿಯಾಯಿತಿ ಎಷ್ಟಾದರೂ ಇರಲಿ, ಬಿಲ್ ಬಿಡಬೇಡಿ. ಅದರಲ್ಲಿ ಬ್ಯಾಚ್ ಸಂಖ್ಯೆ, ಎಕ್ಸ್‌ಪೈರಿ ಇರಬೇಕು, ಸ್ಟ್ರಿಪ್ಪಿನೊಂದಿಗೆ ತಾಳೆಯಾಗಬೇಕು. ಅನುಮಾನ ಬಂದರೆ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿರುವ ಮಹಾರಾಷ್ಟ್ರ ಎಫ್‌ಡಿಎಗೆ (ರಾಜ್ಯದ ಆಹಾರ ಮತ್ತು ಔಷಧ ಆಡಳಿತ) ದೂರು ಕೊಡಬಹುದು. ಬಿಲ್ ಮತ್ತು ಉಳಿದ ಮಾತ್ರೆ ಎರಡೂ ಬೇಕಾಗುತ್ತವೆ.

ಪ್ರಶ್ನೆ: ಅಮ್ಮನ ಥೈರಾಯ್ಡ್ ಮಾತ್ರೆಯನ್ನೂ ಜೆನೆರಿಕ್‌ಗೆ ಬದಲಾಯಿಸಬಹುದೇ?
– ಓದುಗರು, ಚಿಂಚ್‌ವಡ್, ಪುಣೆ

ಉತ್ತರ: ಥೈರಾಯ್ಡ್ ಮಾತ್ರೆಯಾದ ಲೆವೊಥೈರಾಕ್ಸಿನ್‌ನ ಅಳತೆ ಮಿಲಿಗ್ರಾಂ ಅಲ್ಲ, ಮೈಕ್ರೋಗ್ರಾಂ. ತುಸು ಹೆಚ್ಚುಕಡಿಮೆಯಾದರೂ ಹಿರಿಯರ ಎದೆಬಡಿತಕ್ಕೆ ತೊಂದರೆ. ಬದಲಾಯಿಸಬಹುದು, ಆದರೆ ಡಾಕ್ಟರಿಗೆ ಹೇಳಿಯೇ. ಒಮ್ಮೆ ಬದಲಾಯಿಸಿದ ಮೇಲೆ ಅದೇ ತಯಾರಕರದ್ದಕ್ಕೆ ಅಂಟಿಕೊಳ್ಳಿ, 6ರಿಂದ 8 ವಾರಕ್ಕೆ ಟಿಎಸ್‌ಎಚ್ (ಥೈರಾಯ್ಡ್‌ನ ರಕ್ತಪರೀಕ್ಷೆ) ಮಾಡಿಸಿ. ತಿಂಗಳಿಗೊಂದು ಕಂಪನಿ ಬೇಡ. ರಕ್ತ ತೆಳುವಾಗಿಸುವ ವಾರ್ಫರಿನ್, ಫಿಟ್ಸ್‌ನ ಫೆನಿಟೋಯಿನ್, ಹೃದಯದ ಡಿಗಾಕ್ಸಿನ್‌ಗೂ ಇದೇ ಎಚ್ಚರ.

ಪ್ರಶ್ನೆ: ವಾರದ ಮಾತ್ರೆಗಳನ್ನು ಬಿಡಿಸಿ ಏಳು ಖಾನೆಯ ಡಬ್ಬಿಗೆ ತುಂಬಿಡುತ್ತೇವೆ. ಮಳೆಗಾಲದಲ್ಲಿ ಹೊಸ ಬಿಪಿ ಮಾತ್ರೆ ಮೆತ್ತಗಾಯಿತು. ಜೆನೆರಿಕ್ ಆದ್ದರಿಂದಲೇ?
– ಓದುಗರು, ವಾಸ್ಕೊ, ಗೋವಾ

ಉತ್ತರ: ಅದು ಟೆಲ್ಮಿಸಾರ್ಟಾನ್ ಆಗಿದ್ದರೆ ಯಾವ ಕಂಪನಿಯದಾದರೂ ಹಾಗೆಯೇ. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಅದಕ್ಕೇ ಎರಡು ಬದಿಯೂ ಅಲ್ಯುಮಿನಿಯಂ ಇರುವ ಸ್ಟ್ರಿಪ್‌ನಲ್ಲಿ ಬರುವುದು. ಮೆತ್ತಗಾದವನ್ನು ಎಸೆಯಿರಿ. ಮುಂದೆ ಮಾತ್ರೆ ಬಿಡಿಸದೆ, ಕತ್ತರಿಯಿಂದ ಸ್ಟ್ರಿಪ್ಪನ್ನೇ ಒಂದೊಂದು ಗುಳ್ಳೆಯಾಗಿ ಕತ್ತರಿಸಿ ಚೂಪು ಮೂಲೆ ದುಂಡಗೆ ಮಾಡಿ ಖಾನೆಗೆ ಹಾಕಿ, ನುಂಗುವ ಹೊತ್ತಿಗೆ ಬಿಡಿಸಿ. ಕತ್ತರಿಸುವಾಗ ಎಕ್ಸ್‌ಪೈರಿ ಇರುವ ತುದಿಯನ್ನು ಕೊನೆಗೆ ಉಳಿಸಿಕೊಳ್ಳಿ.