ಬಿತ್ರಾ ದ್ವೀಪದ ನೀರು ಮತ್ತು ಮಂಗಳೂರಿನ ನಂಟು

ಮಾನ್ಯರೇ, ಲಕ್ಷದ್ವೀಪದ ಬಿತ್ರಾಕ್ಕೂ ನಮ್ಮ ಮಂಗಳೂರಿಗೂ ಏನು ನಂಟು, ಅಷ್ಟು ಚಿಕ್ಕ ನೆಲದಲ್ಲಿ ಕುಡಿಯುವ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿದ್ದೀರಿ. ನಂಟು ಹಳೆಯದು. ಬಿತ್ರಾ ಸೇರಿದಂತೆ ಲಕ್ಷದ್ವೀಪದ ಉತ್ತರ ಭಾಗದ ಅಮಿನ್‌ದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಒಳಪಟ್ಟಿದ್ದವು. ಅಲ್ಲಿನ ತೆಂಗಿನ ನಾರಿನ ಹುರಿ ಇಲ್ಲಿಗೆ ಬಂದು, ಇಲ್ಲಿನ ಅಕ್ಕಿ ಅಲ್ಲಿಗೆ ಹೋಗುತ್ತಿತ್ತು. ಇಂದಿಗೂ ಹಳೆ ಬಂದರಿನ ದಕ್ಕೆಯಲ್ಲಿ ನಿಂತರೆ, ದ್ವೀಪಗಳಿಗೆ ಹೊರಡುವ ಮಂಜಿಗಳಿಗೆ (ಸರಕು ಸಾಗಿಸುವ ಹಡಗುಗಳಿಗೆ) ಜಲ್ಲಿ, ಸಿಮೆಂಟು, ತರಕಾರಿ ಮೂಟೆಗಳನ್ನು ತುಂಬುವುದು ಕಾಣುತ್ತದೆ.

2011ರ ಜನಗಣತಿಯ ಪ್ರಕಾರ ಬಿತ್ರಾದಲ್ಲಿ 271 ಜನರಿದ್ದರು. ನೆಲ ಸುಮಾರು 25 ಎಕರೆಯಷ್ಟೇ; ಆದರೆ ಹವಳದ ದಂಡೆಯೊಳಗೆ ಹರಡಿರುವ ತಿಳಿನೀಲಿ ಲಗೂನು, ಅಂದರೆ ಆಳವಿಲ್ಲದ ಒಳಗಡಲು, 40 ಚದರ ಕಿಲೋಮೀಟರಿಗೂ ಹೆಚ್ಚು.

ಅಲ್ಲಿ ಹೊಳೆಯಿಲ್ಲ, ತೊರೆಯಿಲ್ಲ. ಹವಳದ ಮರಳಿನಲ್ಲಿ ಇಂಗಿದ ಮಳೆನೀರು ಸಮುದ್ರದ ನೀರಿಗಿಂತ ಹಗುರವಾದ್ದರಿಂದ, ಅಡಿಯಲ್ಲಿರುವ ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ತೇಲುತ್ತದೆ. ಇಂಥ ದ್ವೀಪಗಳ ಬಾವಿಗಳು ಆಳವಿಲ್ಲದಿರಲು ಇದೇ ಕಾರಣ. ಕೊಡದಲ್ಲಿ ಸೇದಿದರೆ ಪದರ ಉಳಿಯುತ್ತದೆ. ಪಂಪು ಹಾಕಿ ಎಳೆದರೆ ಅಡಿಯ ಉಪ್ಪು ಮೇಲೇರುತ್ತದೆ. ಬೇಸಿಗೆಯಲ್ಲಿ ಬಾವಿ ಉಪ್ಪಾಗುವ ಸಂಕಟವನ್ನು ಕಡಲತಡಿಯ ನಾವೂ ಬಲ್ಲೆವು. ಅಲ್ಲಿ ಮಾತ್ರ ಪಕ್ಕದೂರಿನಿಂದ ಟ್ಯಾಂಕರು ಬರುವಂತಿಲ್ಲ.